ಎಂಜಿನಿಯರಿಂಗ್ ಜೊತೆಗೆ ಬಿಸಿನೆಸ್ ಪದವಿ: ಸೇರುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ಹನ್ನೆರಡನೇ ತರಗತಿ ಮುಗಿಸಿದ್ದೇನೆ ಸರ್. ಗಣಿತ, ಭೌತಶಾಸ್ತ್ರ ಇಷ್ಟ. ಕಂಪನಿಗಳು ಹೇಗೆ ನಡೆಯುತ್ತವೆ ಅಂತ ತಿಳಿದುಕೊಳ್ಳೋ ಆಸೆಯೂ ಇದೆ. ಎಂಜಿನಿಯರಿಂಗ್, ಬಿಸಿನೆಸ್ ಎರಡೂ ಸೇರಿದ ಪದವಿಗೆ ಹೋಗಬೇಕು ಅಂದುಕೊಂಡಿದ್ದೇನೆ. ‘ಮೊದಲು ಎಂಜಿನಿಯರಿಂಗ್ ಮುಗಿಸು, ಎಂಬಿಎ ಆಮೇಲೆ ಮಾಡಿದರಾಯ್ತು’ ಅಂತಾರೆ ಅಪ್ಪ. ಯಾರ ಮಾತು ಸರಿ?

ಉತ್ತರ: ನಿಮ್ಮಪ್ಪ ಹೇಳೋದು ಅರ್ಧ ಸರಿ. ಯಾವ ಅರ್ಧ ಅಂತ ಆಮೇಲೆ ಹೇಳ್ತೀನಿ. ಮೊದಲು ನೀವು ಸೇರಬೇಕು ಅಂದುಕೊಂಡಿರೋದು ಯಾವ ಥರದ ಕೋರ್ಸ್ ಅಂತ ನೋಡಿಕೊಳ್ಳಿ. ‘ಎರಡೂ ಸೇರಿದ ಪದವಿ’ ಅಂತ ಕರೆಯೋ ಕೋರ್ಸ್‌ಗಳೆಲ್ಲ ಒಂದೇ ಅಲ್ಲ.

ಒಂದು ಥರದಲ್ಲಿ ಕೊನೆಗೆ ಕೈಗೆ ಎರಡು ಪದವಿ ಪತ್ರ ಬರುತ್ತವೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 1977ರಲ್ಲೇ ಇಂಥದ್ದನ್ನು ಶುರು ಮಾಡಿತು. ಅಲ್ಲಿ ನಾಲ್ಕು ವರ್ಷಕ್ಕೆ ಎಂಜಿನಿಯರಿಂಗ್ ಶಾಲೆಯಿಂದ ಒಂದು, ವಾರ್ಟನ್ ಬಿಸಿನೆಸ್ ಶಾಲೆಯಿಂದ ಒಂದು ಪದವಿ ಸಿಗುತ್ತದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇದೇ ದಾರಿಗೆ ಬಂದದ್ದು 2017ರಲ್ಲಿ. ಆಸ್ಟ್ರೇಲಿಯಾದಲ್ಲಂತೂ ಎಂಜಿನಿಯರಿಂಗ್ ಮತ್ತು ಕಾಮರ್ಸ್ ಜೋಡಿ ತೀರಾ ಮಾಮೂಲು. ಬೇರೆ ಬೇರೆಯಾಗಿ ಓದಿದರೆ ನಾಲ್ಕು ಮತ್ತು ಮೂರು, ಒಟ್ಟು ಏಳು ವರ್ಷ. ಜೋಡಿಯಾಗಿ ಓದಿದರೆ ಸಾಮಾನ್ಯವಾಗಿ ಐದು ವರ್ಷ, ಇಲ್ಲವೇ ಸ್ವಲ್ಪ ಜಾಸ್ತಿ.

ಇನ್ನೊಂದು ಥರದಲ್ಲಿ ಪದವಿ ಒಂದೇ, ವಿಷಯಗಳು ಎರಡೂ ಕಡೆಯವು. ಜರ್ಮನಿಯಲ್ಲಿ ಇದಕ್ಕೆ ಹಳೆಯ ಪರಂಪರೆಯೇ ಇದೆ. ಬರ್ಲಿನ್‌ನಲ್ಲಿ 1920ರ ದಶಕದಲ್ಲೇ ತಂತ್ರಜ್ಞಾನ ಮತ್ತು ಅರ್ಥವ್ಯವಹಾರವನ್ನು ಕೂಡಿಸಿ ಕಲಿಸಲು ಶುರು ಮಾಡಿದ್ದರು. ಇವತ್ತಿಗೂ ಅಲ್ಲಿನ ಕೈಗಾರಿಕೆಗಳಲ್ಲಿ ಈ ಪದವಿಗೆ ಒಳ್ಳೆ ಗೌರವ ಇದೆ. ಮೂರನೆಯದು ಎಲ್ಲಕ್ಕಿಂತ ಸರಳ. ಪದವಿ ಎಂಜಿನಿಯರಿಂಗ್‌ನದೇ, ಪಕ್ಕದಲ್ಲಿ ಮ್ಯಾನೇಜ್‌ಮೆಂಟಿನ ನಾಲ್ಕೈದು ಪೇಪರ್, ಅಂದರೆ ಮೈನರ್.

ಆದ್ದರಿಂದ ಕಾಲೇಜಿನವರನ್ನು ಮೊದಲು ಕೇಳಬೇಕಾದ್ದು ‘ಪ್ಲೇಸ್‌ಮೆಂಟ್ ಹೇಗಿದೆ’ ಅಂತಲ್ಲ. ‘ಕೊನೆಗೆ ಯಾವ ಪದವಿ ಪತ್ರ ಕೊಡ್ತೀರಿ, ಅದರ ಮೇಲೆ ಏನಂತ ಬರೆದಿರುತ್ತೆ’ ಅಂತ. ಎಂಜಿನಿಯರಿಂಗ್ ಭಾಗಕ್ಕೆ ಮಾನ್ಯತೆ ಇದೆಯಾ ಅಂತಲೂ ಕೇಳಿ. 1989ರ ವಾಷಿಂಗ್ಟನ್ ಒಪ್ಪಂದದ ಪ್ರಕಾರ ಸದಸ್ಯ ದೇಶಗಳ ಮಾನ್ಯತಾ ಸಂಸ್ಥೆಗಳು ಒಪ್ಪಿದ ಎಂಜಿನಿಯರಿಂಗ್ ಪದವಿಯನ್ನು ಉಳಿದ ಸದಸ್ಯ ದೇಶಗಳೂ ಸರಿಸಮ ಅಂತ ಪರಿಗಣಿಸುತ್ತವೆ. ಮಾನ್ಯತೆ ಕೊಡೋದು ಕೋರ್ಸಿಗೆ, ಕಟ್ಟಡಕ್ಕಲ್ಲ. ಅದೇ ಕಾಲೇಜಿನ ಮೆಕ್ಯಾನಿಕಲ್ ಪದವಿಗೆ ಮಾನ್ಯತೆ ಇದ್ದು, ‘ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್’ ಅನ್ನೋ ಹೊಸ ಪದವಿಗೆ ಇಲ್ಲದೇ ಇರಬಹುದು. ಮುಂದೆ ಎಂಜಿನಿಯರ್ ಅಂತ ನೋಂದಣಿ ಮಾಡಿಸಿಕೊಳ್ಳಬೇಕಾದ ಕೆಲಸಗಳಲ್ಲಿ ಇದು ಕಾಲಿಗೆ ತೊಡರುತ್ತೆ.

ಈಗ ಅಪ್ಪನ ಮಾತಿಗೆ ಬರೋಣ. ಎಂಬಿಎ ಆಮೇಲೂ ಮಾಡಬಹುದು, ನಿಜ. ಕೆಲಸದ ಅನುಭವ ಇದ್ದವರಿಗೇ ಅದು ಜಾಸ್ತಿ ದಕ್ಕೋದು ಅನ್ನೋದೂ ನಿಜ. ತಂಡ ನಡೆಸಿ ಗೊತ್ತಿಲ್ಲದ ಇಪ್ಪತ್ತರ ಹುಡುಗನಿಗೆ ‘ನಾಯಕತ್ವ’ದ ಪಾಠ ಕಿವಿ ಮೇಲೆ ಹಾದು ಹೋಗುತ್ತೆ, ಅಷ್ಟೇ. ಆದರೆ ಅಕೌಂಟಿಂಗ್, ಅರ್ಥಶಾಸ್ತ್ರ, ಅಂಕಿಅಂಶ ಶಾಸ್ತ್ರ, ಹಣಕಾಸು, ಇವಕ್ಕೆ ಅನುಭವ ಬೇಕಿಲ್ಲ. ಬೇಗ ಕಲಿತಷ್ಟೂ ಒಳ್ಳೇದು. ಮೂರನೇ ವರ್ಷದ ಡಿಸೈನ್ ಪ್ರಾಜೆಕ್ಟ್ ಮಾಡುವಾಗಲೇ ‘ಇದಕ್ಕೆ ಎಷ್ಟು ಖರ್ಚು, ಯಾರು ಕೊಳ್ತಾರೆ’ ಅನ್ನೋ ಪ್ರಶ್ನೆ ತಾನಾಗೇ ಬರುತ್ತೆ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ. ಬಿಸಿನೆಸ್ ಭಾಗ ಇಲ್ಲದಿದ್ದರೂ ಈ ಎಂಜಿನಿಯರಿಂಗ್ ಓದ್ತಿದ್ದೆನಾ? ಹೌದು ಅಂದರೆ ಸೇರಿ. ಉತ್ತರ ಬರೋಕೆ ತಡವಾದರೆ ಬೇಡ. ಬಿಸಿನೆಸ್ ಅನ್ನು ಆಮೇಲೆ ಕಲಿಯೋಕೆ ಹತ್ತಾರು ಬಾಗಿಲುಗಳಿವೆ. ಮೂವತ್ತಾದ ಮೇಲೆ ಥರ್ಮೋಡೈನಮಿಕ್ಸ್ ಲ್ಯಾಬ್‌ಗೆ ಕರೆಯೋರು ಯಾರೂ ಇಲ್ಲ.

ಪ್ರಶ್ನೆ: ಮಗಳಿಗೆ ಇಂಥ ಕೋರ್ಸಿನಲ್ಲಿ ಸೀಟು ಸಿಕ್ಕಿದೆ. ನನಗೆ ಭಯ. ಎರಡು ದೋಣಿ ಮೇಲೆ ಕಾಲಿಟ್ಟ ಹಾಗೆ ಆಗಿ, ಇತ್ತ ಪೂರ್ತಿ ಎಂಜಿನಿಯರೂ ಅಲ್ಲ, ಅತ್ತ ಬಿಸಿನೆಸ್ಸೂ ಬರಲ್ಲ ಅನ್ನೋ ಹಾಗೆ ಆಗೋಲ್ವಾ?

ಉತ್ತರ: ಭಯ ಸುಮ್ನೆ ಅಲ್ಲ, ಮೇಡಂ. ಏಳು ವರ್ಷದ ಓದು ಐದಕ್ಕೆ ಇಳಿಯುತ್ತೆ ಅಂದರೆ ಎಲ್ಲೋ ಏನನ್ನೋ ಬಿಟ್ಟಿರಲೇಬೇಕು. ಏನನ್ನು ಬಿಟ್ಟಿದ್ದಾರೆ ಅಂತ ಹುಡುಕಿ. ಒಳ್ಳೆ ಕೋರ್ಸ್‌ಗಳಲ್ಲಿ ಬಿಡೋದು ಐಚ್ಛಿಕ ವಿಷಯಗಳನ್ನು. ಗಣಿತ, ಅಂಕಿಅಂಶದಂಥ ಪೇಪರ್‌ಗಳನ್ನು ಒಮ್ಮೆ ಓದಿದರೆ ಎರಡೂ ಪದವಿಗೆ ಲೆಕ್ಕ ಹಿಡಿಯುತ್ತಾರೆ. ಹಾಗೆ ವರ್ಷ ಉಳಿಯುತ್ತೆ. ಕಳಪೆ ಕೋರ್ಸ್‌ಗಳಲ್ಲಿ ಲ್ಯಾಬ್‌ಗೂ ಕೊನೆ ವರ್ಷದ ಪ್ರಾಜೆಕ್ಟ್‌ಗೂ ಕತ್ತರಿ ಬೀಳುತ್ತೆ. ಒಂದು ಕೆಲಸ ಮಾಡಿ. ಅದೇ ವಿಶ್ವವಿದ್ಯಾಲಯದ ಬರೀ ಎಂಜಿನಿಯರಿಂಗ್ ಪದವಿಯ ಸಿಲಬಸ್, ಈ ಜೋಡಿ ಪದವಿಯ ಸಿಲಬಸ್, ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡು ಸೆಮಿಸ್ಟರ್‌ವಾರು ಗುರುತು ಹಾಕಿ. ಕಡ್ಡಾಯ ವಿಷಯಗಳು ಅಷ್ಟೂ ಇದ್ದರೆ ಎಂಜಿನಿಯರಿಂಗ್ ಅರ್ಧಂಬರ್ಧ ಆಗಲ್ಲ. ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಓದೋದು ಅವಳು ತಾನೇ?

ಎರಡೂ ಗೊತ್ತಿದ್ದರೆ ಏನು ಲಾಭ ಅಂತ ಒಂದು ಚಿಕ್ಕ ಲೆಕ್ಕದಲ್ಲಿ ತೋರಿಸ್ತೀನಿ. ಕಾರ್ಖಾನೆಯೊಂದಕ್ಕೆ 10 ಕಿಲೋವಾಟ್ ಕೆಲಸ ಕೊಡುವ ಮೋಟಾರು ಬೇಕು. ಒಂದರ ದಕ್ಷತೆ ಶೇ 85, ಇನ್ನೊಂದರದು ಶೇ 92. ಎರಡನೆಯದು ದುಬಾರಿ. ಮೊದಲನೆಯದು ಎಳೆಯೋದು ಸುಮಾರು 11.76 ಕಿಲೋವಾಟ್, ಎರಡನೆಯದು 10.87. ವ್ಯತ್ಯಾಸ 0.9 ಕಿಲೋವಾಟ್‌ನ ಹತ್ತಿರ. ವರ್ಷಕ್ಕೆ 6,000 ಗಂಟೆ ಓಡಿದರೆ ಸುಮಾರು 5,400 ಯೂನಿಟ್ ಕರೆಂಟ್ ಉಳಿಯಿತು. ಎಂಜಿನಿಯರಿಂಗ್ ಪಾಠ ಇಲ್ಲಿಗೆ ಮುಗಿಯುತ್ತೆ. ‘ದಕ್ಷತೆ ಜಾಸ್ತಿ, ಅದನ್ನೇ ತಗೊಳ್ಳಿ’ ಅಂತ ವರದಿ ಬರೆದು ಕೊಡಬಹುದು.

ಹಣಕಾಸು ಓದಿದವಳು ಮುಂದೆ ಹೋಗ್ತಾಳೆ. ಮೋಟಾರು ಹತ್ತು ವರ್ಷ ಬಾಳುತ್ತೆ ಅಂತ ಹತ್ತು ವರ್ಷದ ಉಳಿತಾಯವನ್ನು ಸುಮ್ನೆ ಕೂಡಿಬಿಟ್ಟರೆ ತಪ್ಪು. ಮುಂದೆ ಬರೋ ಹಣಕ್ಕೆ ಇವತ್ತಿನ ಹಣದಷ್ಟು ಬೆಲೆ ಇಲ್ಲ. ಕಂಪನಿಗೆ ಹಣ ಹೊಂದಿಸೋಕೆ ವರ್ಷಕ್ಕೆ ಶೇ 10 ಖರ್ಚಾಗುತ್ತೆ ಅಂತಿಟ್ಟುಕೊಂಡರೆ, ಹತ್ತು ವರ್ಷದ ಉಳಿತಾಯದ ಇವತ್ತಿನ ಬೆಲೆ ಒಂದು ವರ್ಷದ ಉಳಿತಾಯದ 6.14 ಪಟ್ಟು ಮಾತ್ರ. ದುಬಾರಿ ಮೋಟಾರಿಗೆ ಕೊಡುವ ಹೆಚ್ಚುವರಿ ಹಣ ಇದಕ್ಕಿಂತ ಕಮ್ಮಿ ಇದ್ದರೆ ಕೊಳ್ಳಿ, ಜಾಸ್ತಿ ಇದ್ದರೆ ಬೇಡ. ಆ ಯಂತ್ರ ವರ್ಷಕ್ಕೆ 1,000 ಗಂಟೆ ಮಾತ್ರ ಓಡೋದಾದರೆ ಉಳಿತಾಯ ಆರನೇ ಒಂದು ಭಾಗಕ್ಕೆ ಇಳಿಯುತ್ತೆ. ಆಗ ಅಗ್ಗದ ಮೋಟಾರೇ ಸರಿ ಅನ್ನಿಸಬಹುದು. ಗಣಿತ ಕಷ್ಟದ್ದೇನಲ್ಲ. ಆದರೆ ಕಂಪನಿಗಳಲ್ಲಿ ಮೊದಲ ಅರ್ಧವನ್ನು ಒಬ್ಬರು, ಎರಡನೇ ಅರ್ಧವನ್ನು ಇನ್ನೊಬ್ಬರು ಮಾಡುತ್ತಾರೆ. ನಡುವೆ ಇಮೇಲ್ ಓಡಾಡುತ್ತಾ ತಿಂಗಳು ಕಳೆಯುತ್ತೆ. ಎರಡನ್ನೂ ಒಬ್ಬಳೇ ಮಾಡಿದರೆ ಅವಳ ಮಾತಿಗೆ ತೂಕ ಬರುತ್ತೆ.

ಅಂದ ಹಾಗೆ, ಈ ಎರಡು ವಿದ್ಯೆ ದೂರದ ನೆಂಟರೇನೂ ಅಲ್ಲ. ಮ್ಯಾನೇಜ್‌ಮೆಂಟ್ ಪಾಠದ ಮೊದಲ ಅಧ್ಯಾಯದಲ್ಲೇ ಬರುವ ಫ್ರೆಡರಿಕ್ ಟೇಲರ್ ಮೆಕ್ಯಾನಿಕಲ್ ಎಂಜಿನಿಯರ್. ಹೆನ್ರಿ ಫಯೋಲ್ ಗಣಿ ಎಂಜಿನಿಯರ್. ಯಾವ ಕೆಲಸ ಯಾವಾಗ ಅಂತ ತೋರಿಸುವ ‘ಗ್ಯಾಂಟ್ ಚಾರ್ಟ್’ಗೆ ಹೆಸರು ಕೊಟ್ಟ ಹೆನ್ರಿ ಗ್ಯಾಂಟ್ ಕೂಡ ಎಂಜಿನಿಯರ್‌ನೇ.

ಪ್ರಶ್ನೆ: ಜೋಡಿ ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಎಂಜಿನಿಯರಿಂಗ್ ವಿಷಯಗಳಲ್ಲಿ ಪರವಾಗಿಲ್ಲ. ಅಕೌಂಟಿಂಗ್ ಮಾತ್ರ ತಲೆಗೆ ಹತ್ತುತ್ತಿಲ್ಲ. ಬಿಸಿನೆಸ್ ಕ್ಲಾಸಿನ ಕೇಸ್ ಚರ್ಚೆಗಳಲ್ಲಿ, ಅಂದರೆ ಒಂದು ಕಂಪನಿಯ ಸಮಸ್ಯೆ ಇಟ್ಟುಕೊಂಡು ಮಾಡೋ ಚರ್ಚೆಗಳಲ್ಲಿ, ಬಾಯೇ ಬರಲ್ಲ. ಎರಡು ವಿಭಾಗದ ಟೈಮ್‌ಟೇಬಲ್ ಬೇರೆ ಒಂದಕ್ಕೊಂದು ತಾಗುತ್ತೆ. ಬಿಸಿನೆಸ್ ಭಾಗ ಬಿಟ್ಟುಬಿಡಲಾ?

ಉತ್ತರ: ಈಗಲೇ ಬೇಡ. ಮೊದಲು ಅಕೌಂಟಿಂಗ್ ನೋಡೋಣ. ನಿಮ್ಮಂಥವರು ಸಾಮಾನ್ಯವಾಗಿ ಎಡವೋದು ಒಂದೇ ಜಾಗದಲ್ಲಿ. ಹಣ ಬೇರೆ, ಲಾಭ ಬೇರೆ ಅನ್ನೋದು ಮನಸ್ಸಿಗೆ ಇಳಿದಿರಲ್ಲ. ಕಂಪನಿ ಇವತ್ತು ಪೂರ್ತಿ ಹಣ ಕೊಟ್ಟು ಒಂದು ಯಂತ್ರ ಕೊಂಡಿತು. ಬ್ಯಾಂಕ್ ಖಾತೆಯಿಂದ ಹಣ ಇವತ್ತೇ ಹೋಯಿತು. ಆದರೆ ಯಂತ್ರ ಹತ್ತು ವರ್ಷ ದುಡಿಯುತ್ತೆ. ಹಾಗಾಗಿ ಲಾಭ–ನಷ್ಟದ ಲೆಕ್ಕದಲ್ಲಿ ಈ ವರ್ಷ ಬರೆಯೋದು ಬೆಲೆಯ ಹತ್ತನೇ ಒಂದು ಭಾಗ ಮಾತ್ರ. ಅದೇ ಸವಕಳಿ. ಉಳಿದ ಒಂಬತ್ತು ಭಾಗ ಆಸ್ತಿಯಾಗಿ ಬ್ಯಾಲೆನ್ಸ್ ಶೀಟ್‌ನಲ್ಲಿ ಕೂತಿರುತ್ತೆ. ಲಾಭ ತೋರಿಸ್ತಿರೋ ಕಂಪನಿಯೂ ಸಂಬಳ ಕೊಡೋಕೆ ಹಣ ಇಲ್ಲದೆ ಒದ್ದಾಡಬಹುದು ಅನ್ನೋದು ಇಲ್ಲೇ ಅರ್ಥ ಆಗುತ್ತೆ.

ನಗದು ಹರಿವಿನ ಪಟ್ಟಿ ನಿಮಗೆ ಪರಿಚಯದ್ದೇ. ತೊಟ್ಟಿಯಲ್ಲಿ ಮೊದಲಿದ್ದ ನೀರು, ಕೂಡು ಒಳಬಂದದ್ದು, ಕಳೆ ಹೊರಹೋದದ್ದು, ಕೊನೆಗೆ ಉಳಿದದ್ದು. ಮಾಸ್ ಬ್ಯಾಲೆನ್ಸ್ ಮಾಡಿದ್ದೀರಲ್ವಾ? ಅದೇ ಲೆಕ್ಕ. ಅಲ್ಲಿಂದ ಶುರು ಮಾಡಿ, ಲಾಭ–ನಷ್ಟದ ಕಡೆಗೆ ಹಿಂದಕ್ಕೆ ಬನ್ನಿ. ಪಠ್ಯದಲ್ಲಿ ಇರೋ ಕ್ರಮಕ್ಕೆ ಇದು ಉಲ್ಟಾ, ಪರವಾಗಿಲ್ಲ.

ಕೇಸ್ ಚರ್ಚೆಯ ತೊಂದರೆ ಬೇರೆ ಥರದ್ದು. ಎಂಜಿನಿಯರಿಂಗ್ ವಿದ್ಯಾರ್ಥಿ ಸರಿಯಾದ ಉತ್ತರ ಸಿಗೋವರೆಗೂ ಬಾಯಿ ಬಿಡಲ್ಲ. ಅಲ್ಲಿ ಅಂಥ ಒಂದೇ ಉತ್ತರ ಇರೋದೇ ಇಲ್ಲ. ಅರ್ಧ ಮಾಹಿತಿ ಇಟ್ಟುಕೊಂಡು ಒಂದು ನಿಲುವು ತಗೊಂಡು ಅದಕ್ಕೆ ಕಾರಣ ಕೊಡೋದನ್ನು ಕಲಿಸೋಕೇ ಆ ಕ್ಲಾಸ್ ಇರೋದು. ಪ್ರತಿ ಕೇಸಿನಲ್ಲೂ ಒಂದು ಅಂಕಿ ಹಿಡಿದುಕೊಂಡು ಹೋಗಿ. ‘ಈ ಬೆಲೆಗೆ ಮಾರಿದರೆ ಇಷ್ಟು ಮಾರಾಟ ಆದಾಗ ಮಾತ್ರ ಹಾಕಿದ ಹಣ ವಾಪಸ್ ಬರುತ್ತೆ’ ಅಂತ ಹೇಳಿ ನೋಡಿ. ಚರ್ಚೆ ನಿಮ್ಮ ಸುತ್ತಲೇ ತಿರುಗುತ್ತೆ.

ಟೈಮ್‌ಟೇಬಲ್ ವಿಷಯದಲ್ಲಿ ತಪ್ಪು ನಿಮ್ಮದಲ್ಲ. ಎರಡು ವಿಭಾಗಗಳ ನಡುವೆ ಎತ್ತು ಏರಿಗೆ, ಕೋಣ ನೀರಿಗೆ. ಒಬ್ಬರು ಇನ್ನೊಬ್ಬರನ್ನು ಕೇಳಿ ವೇಳಾಪಟ್ಟಿ ಮಾಡೋದು ಕಮ್ಮಿ. ನೀವು ಮಾಡಬೇಕಾದ್ದು ಪದವಿ ಮುಗಿಯೋವರೆಗಿನ ನಕ್ಷೆಯನ್ನು ಈಗಲೇ ಬರೆದುಕೊಳ್ಳೋದು. ಯಾವ ವಿಷಯ ಪಾಸಾದರೆ ಮಾತ್ರ ಯಾವುದಕ್ಕೆ ಹೋಗಬಹುದು ಅನ್ನೋ ಸರಪಳಿ ಎಂಜಿನಿಯರಿಂಗ್‌ನಲ್ಲಿ ಬಿಗಿ. ವರ್ಷಕ್ಕೆ ಒಮ್ಮೆ ಮಾತ್ರ ಕಲಿಸುವ ಒಂದು ವಿಷಯ ತಪ್ಪಿದರೆ ಇಡೀ ವರ್ಷ ಹಿಂದೆ ಬೀಳ್ತೀರಿ. ಹಾಗಾಗಿ ಎರಡು ಕ್ಲಾಸ್ ಒಂದೇ ಹೊತ್ತಿಗೆ ಬಂದರೆ ಎಂಜಿನಿಯರಿಂಗ್‌ನದನ್ನೇ ಹಿಡಿಯಿರಿ. ಬಿಸಿನೆಸ್ ವಿಷಯಗಳನ್ನು ಹಿಂದೆ ಮುಂದೆ ಮಾಡೋಕೆ ಸಾಮಾನ್ಯವಾಗಿ ಜಾಗ ಜಾಸ್ತಿ ಇರುತ್ತೆ.

ಇಷ್ಟೆಲ್ಲ ಆದರೂ ಮೂರನೇ ವರ್ಷದ ಹೊತ್ತಿಗೆ ಅಂಕ ಕುಸಿಯುತ್ತಲೇ ಇದ್ದರೆ ಬಿಡಿ. ಕೆಲವು ಕಡೆ ಓದಿದ ಬಿಸಿನೆಸ್ ಕ್ರೆಡಿಟ್‌ಗಳನ್ನು ಮೈನರ್ ಆಗಿ ಬದಲಾಯಿಸಿ ಕೊಡುತ್ತಾರೆ. ನಿಮ್ಮಲ್ಲಿ ಇದೆಯಾ ಅಂತ ಈಗಲೇ ಕಚೇರಿಯಲ್ಲಿ ವಿಚಾರಿಸಿ, ಬರವಣಿಗೆಯಲ್ಲಿ ತಗೊಳ್ಳಿ.

ಪ್ರಶ್ನೆ: ಇಂಟರ್ವ್ಯೂಗಳಲ್ಲಿ ‘ನೀನು ಎಂಜಿನಿಯರಾ, ಮ್ಯಾನೇಜರಾ’ ಅಂತ ಕೇಳ್ತಾರೆ. ಏನು ಹೇಳಲಿ?

ಉತ್ತರ: ‘ಎರಡೂ’ ಅನ್ನಬೇಡಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿರುತ್ತೆ. ಓದು ಮುಗಿಸಿದ ತಕ್ಷಣ ಯಾರೂ ಮ್ಯಾನೇಜರ್ ಅಲ್ಲ. ‘ಎಂಜಿನಿಯರ್ ಆಗಿ ಶುರು ಮಾಡ್ತೀನಿ’ ಅಂತ ನೇರವಾಗಿ ಹೇಳಿ, ನಿಮ್ಮ ಪ್ರಾಜೆಕ್ಟ್ ಒಂದನ್ನು ತೆಗೆದು ಅದರ ತಾಂತ್ರಿಕ ನಿರ್ಧಾರವನ್ನೂ ಹಣದ ನಿರ್ಧಾರವನ್ನೂ ಬಿಡಿಸಿ ಹೇಳಿ. ಮೇಲೆ ಹೇಳಿದ ಮೋಟಾರಿನಂಥದ್ದು ಒಂದಿದ್ದರೆ ಸಾಕು. ಉತ್ಪಾದನೆ, ಪೂರೈಕೆ ಸರಪಳಿ, ಪ್ರಾಡಕ್ಟ್ ಮ್ಯಾನೇಜ್‌ಮೆಂಟ್, ತಾಂತ್ರಿಕ ಮಾರಾಟ, ದೊಡ್ಡ ವಿದ್ಯುತ್ ಅಥವಾ ರಸ್ತೆ ಯೋಜನೆಗಳ ಹಣಕಾಸು, ಇಲ್ಲೆಲ್ಲ ನಿಮ್ಮ ಓದಿಗೆ ಬೆಲೆ ಇದೆ. ಬರೀ ವಿನ್ಯಾಸದ, ಆಳವಾದ ಸಂಶೋಧನೆಯ ಕೆಲಸಕ್ಕೆ ಹೋದರೆ ಬಿಸಿನೆಸ್ ಪದವಿಯನ್ನು ಯಾರೂ ಕೇಳಲ್ಲ. ಆ ಕಡೆ ಮನಸ್ಸಿದ್ದರೆ ಸ್ನಾತಕೋತ್ತರ ಓದು ಮೇಲು.

ಪ್ರಶ್ನೆ: ಸ್ವಂತ ಸ್ಟಾರ್ಟಪ್ ಮಾಡೋ ಕನಸು. ಈ ಪದವಿ ಬೇಕೇ ಬೇಕಾ?

ಉತ್ತರ: ಬೇಕಿಲ್ಲ.

ಪ್ರಶ್ನೆ: ನನಗೆ ಈಗ ಮೂವತ್ತು. ಆರು ವರ್ಷದಿಂದ ಕಾರ್ಖಾನೆಯಲ್ಲಿ ಎಂಜಿನಿಯರ್. ಇಂಥ ಜೋಡಿ ಓದು ನನಗೂ ಸಿಗುತ್ತಾ, ಇಲ್ಲ ತಡವಾಯಿತಾ?

ಉತ್ತರ: ಮತ್ತೆ ಮೊದಲ ಪದವಿಗೆ ಹೋಗೋ ಅಗತ್ಯ ಇಲ್ಲ. ನಿಮ್ಮಂಥವರಿಗೇ ಅಂತ ಸ್ನಾತಕೋತ್ತರ ಜೋಡಿಗಳಿವೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಶುರುವಾದ ಕಾರ್ಯಕ್ರಮ ಎರಡು ವರ್ಷದಲ್ಲಿ ಎಂಬಿಎ ಮತ್ತು ಎಂಜಿನಿಯರಿಂಗ್ ಸ್ನಾತಕೋತ್ತರ ಎರಡನ್ನೂ ಕೊಡುತ್ತೆ. ನಡುವೆ ಕೈಗಾರಿಕೆಯಲ್ಲಿ ತಿಂಗಳುಗಟ್ಟಲೆ ಇಂಟರ್ನ್‌ಶಿಪ್ ಇರುತ್ತೆ. ಕೆಲಸ ಮಾಡಿ ಬಂದವರನ್ನೇ ಅವರು ಹುಡುಕೋದು. ಕೆಲಸ ಬಿಡೋಕೆ ಆಗದಿದ್ದರೆ ಸಂಜೆ ಅಥವಾ ವಾರಾಂತ್ಯದ ಎಂಬಿಎ ನೋಡಿ. ಅರ್ಜಿ ಹಾಕೋ ಮುಂಚೆ ನಿಮ್ಮ ಕಾರ್ಖಾನೆಯ ಹಣಕಾಸು ವಿಭಾಗಕ್ಕೆ ಹೋಗಿ, ನಿಮ್ಮ ಲೈನ್‌ನ ವೆಚ್ಚದ ಪಟ್ಟಿ ತೋರಿಸಿ ಅಂತ ಕೇಳಿ. ಅದನ್ನು ಅವರ ಪಕ್ಕ ಕೂತು ಸಾಲು ಸಾಲಾಗಿ ಓದಿ. ಓದ್ತಾ ಓದ್ತಾ ನಿದ್ದೆ ಬಂದರೆ ಎಂಬಿಎ ಶುಲ್ಕ ಉಳಿಯಿತು. ಪ್ರಶ್ನೆಗಳು ಬಂದರೆ ಅರ್ಜಿ ಹಾಕಿ.