ಗುಣಿಸುವಾಗ ಅಕ್ಷರಗಳ ಜಾಗ ಬದಲಿಸಬಹುದಾ?

3ಎ × 4ಬಿ × 5ಎ ಎಂಬುದು 60ಎ²ಬಿ ಹೇಗಾಯ್ತು, ಮಧ್ಯದಲ್ಲಿದ್ದ ಬಿ ಸುಮ್ನೆ ಕೊನೆಗೆ ಹೋಗಬಹುದಾ ಎಂದು ಕೇಳಿದ್ದೀರಿ.

ಹೋಗಬಹುದು, ಎರಡು ನಿಯಮಗಳ ಬಲದಿಂದ. ಪಕ್ಕಪಕ್ಕದ ಎರಡನ್ನು ಅದಲುಬದಲು ಮಾಡಬಹುದು: ಇದು ಪರಿವರ್ತನೀಯ ನಿಯಮ. ಯಾವ ಜೋಡಿಯನ್ನು ಮೊದಲು ಗುಣಿಸಿದರೂ ಸರಿ: ಇದು ಸಹವರ್ತನೀಯ ನಿಯಮ. ಎರಡೂ ಕೈಯಲ್ಲಿದ್ದರೆ ಯಾವ ಕ್ರಮ ಬೇಕಾದರೂ ತರಬಹುದು. ಹಾಗಾಗಿ 3 × 4 × 5 ಒಂದು ಕಡೆ, ಎ × ಎ × ಬಿ ಇನ್ನೊಂದು ಕಡೆ.

ಕಲಬುರಗಿ ಮಾರುಕಟ್ಟೆಗೆ 25 ಚೀಲ ತೊಗರಿ ಬಂತು ಅನ್ನಿ. ಚೀಲಕ್ಕೆ 50 ಕಿಲೋ, ಕಿಲೋಗೆ 84 ರೂಪಾಯಿ. 25 × 50 × 84 ಎಂದು ಸಾಲಾಗಿ ಗುಣಿಸುತ್ತಾ ಕೂರಬೇಕಿಲ್ಲ. 25 ಅಂದರೆ 100ರ ಕಾಲು ಭಾಗ. 84ರ ಕಾಲು ಭಾಗ 21, ಅದನ್ನು 100ರಿಂದ ಗುಣಿಸಿದರೆ 25 × 84 = 2,100. ಅದನ್ನು 50ರಿಂದ ಗುಣಿಸಿ: 1,05,000 ರೂಪಾಯಿ. ಬಾಯಲ್ಲೇ ಆಗುವ ಲೆಕ್ಕ, ಅಲ್ವಾ?

ಜಾಸ್ತಿ ಜನ ಎಡವುವುದು ಕಳೆಯುವ ಚಿಹ್ನೆ ನಡುವೆ ಬಂದಾಗ. 10 − 2ಎ × 5 ರಲ್ಲಿ 2, ಎ, 5 ತಮ್ಮೊಳಗೆ ಜಾಗ ಬದಲಿಸಬಹುದು. 10 ಆ ಗುಂಪಿಗೆ ಸೇರಿದ್ದಲ್ಲ. ಇನ್ನು (3ಎ)² ಅಂದರೆ 3ಎ × 3ಎ, ಅಂದರೆ 9ಎ².

ಮುಂದೆ ಪಿಯುಸಿಯಲ್ಲಿ ಮ್ಯಾಟ್ರಿಕ್ಸ್ (ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ ಪಟ್ಟಿ) ಬಂದಾಗ ಹುಷಾರು. ಅಲ್ಲಿ ಎ, ಬಿ ಎರಡು ಮ್ಯಾಟ್ರಿಕ್ಸ್‌ಗಳಾದರೆ ಎಬಿ, ಬಿಎ ಸಾಮಾನ್ಯವಾಗಿ ಬೇರೆಬೇರೆ.