ಆ ಮಾತಿಗೆ ಟಿಕೆಟ್ ಇದೆಯಾ?

ಇವರನ್ನು ಸುಜಾತಾ ಅಂತ ಕರೆಯೋಣ. ನಿಜವಾದ ಹೆಸರು ಅದಲ್ಲ. ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 36, ಇಬ್ಬರು ಮಕ್ಕಳು, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಮೊದಲ ದಿನ ಕುರ್ಚಿಯ ತುದಿಯಲ್ಲಿ ಕೂತು, "ಮೇಡಂ, ನನಗೆ ಕಾಯಿಲೆ ಏನೂ ಇಲ್ಲ. ತಲೆಯೊಳಗೆ ಯಾರೋ ಬೈತಾನೇ ಇರ್ತಾರೆ" ಎಂದರು.

ಇಂಥ ಮಾತು ಕೇಳಿದಾಗ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಕಿವಿಗೆ ಬೇರೆಯವರ ದನಿ ಕೇಳಿಸುತ್ತಿದೆಯೇ, ಅಥವಾ ಇದು ಅವರದೇ ಯೋಚನೆಯೇ? ಕೇಳಿದೆ. "ನಂದೇ ಮಾತು ಮೇಡಂ. ಆದ್ರೆ ಧಾಟಿ ಮಾತ್ರ ನಮ್ಮಪ್ಪಂದು" ಎಂದರು. ನಿದ್ದೆ, ಊಟದ ಬಗ್ಗೆ ವಿಚಾರಿಸಿದೆ. ಬದುಕೇ ಬೇಡ ಅನ್ನಿಸಿದೆಯಾ ಎಂದೂ ನೇರವಾಗಿ ಕೇಳಿದೆ. ಇಲ್ಲ ಎಂದರು. ಹೌದು ಎಂದಿದ್ದರೆ ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಇದನ್ನು ಓದುವವರಲ್ಲಿ ಯಾರಿಗಾದರೂ ಹಾಗೆ ಅನ್ನಿಸುತ್ತಿದ್ದರೆ ಈಗಲೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಸುಜಾತಾ ಅವರಿಗೆ ಆಗಿದ್ದು ಇಷ್ಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಹೆಂಗಸರು ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ದುಡ್ಡು ಕೊಡಬೇಕಾಗಿಲ್ಲ. ಆದರೆ ಕಂಡಕ್ಟರ್ ಅವರಿಗೆ ಶೂನ್ಯ ಟಿಕೆಟ್ ಕೊಡಲೇಬೇಕು. ಒಂದು ಸಂತೆ ದಿನ ಕಾಲಿಡಲು ಜಾಗ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಮೂಟೆಗಳ ಮರೆಯಲ್ಲಿ ಕೂತಿದ್ದ ಒಬ್ಬ ಅಜ್ಜಿಗೆ ಟಿಕೆಟ್ ಕೊಡುವುದು ತಪ್ಪಿಹೋಯಿತು. ಚೆಕಿಂಗ್‌ನವರು ಹತ್ತಿದರು. ಮೆಮೊ ಬಂತು, ಉತ್ತರ ಬರೆದುಕೊಟ್ಟರು, ಅಲ್ಲಿಗೆ ಆ ವಿಷಯ ಮುಗಿಯಿತು.

ಇವರ ತಲೆಯೊಳಗೆ ಮಾತ್ರ ಮುಗಿಯಲಿಲ್ಲ. "ನಿನ್ನ ಕೈಲಿ ಒಂದು ಕೆಲಸ ನೆಟ್ಟಗಾಗಲ್ಲ. ದಡ್ಡಿ ಕಣೇ ನೀನು." ಏಳನೇ ಕ್ಲಾಸಿನಲ್ಲಿ ಲೆಕ್ಕ ತಪ್ಪಿದಾಗ ಅಪ್ಪ ಬೈದ ಮಾತು ಅದು. ಮೆಮೊ ಬಂದ ದಿನದಿಂದ ಅದೇ ಮಾತು ದಿನಕ್ಕೆ ಹತ್ತಾರು ಸಲ. ಬೆಳಗಿನ ಮೊದಲ ಟ್ರಿಪ್ ಇದ್ದರೆ ಮೂರು ಗಂಟೆಗೇ ಎಚ್ಚರ. ಚಿಲ್ಲರೆ ಎಣಿಸುವಾಗ ಕೈ ನಡುಕ. ತಪ್ಪು ಮಾಡ್ತೀನಿ ಅನ್ನುವ ಹೆದರಿಕೆಯಿಂದಲೇ ತಪ್ಪು ಜಾಸ್ತಿಯಾಗತೊಡಗಿತ್ತು.

ನನ್ನ ಹತ್ತಿರ ಬರುವ ಮೊದಲು ಅವರೇ ಒಂದು ಪ್ರಯತ್ನ ಮಾಡಿದ್ದರು. ವಾಟ್ಸಾಪಿನಲ್ಲಿ ಬಂದ ಸಲಹೆ ನಂಬಿ, "ನಾನು ಗಟ್ಟಿಗಿತ್ತಿ, ನನ್ನಿಂದ ಎಲ್ಲವೂ ಸಾಧ್ಯ" ಎಂದು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸಿದ್ದರು. ದಿನಾ ಬೆಳಿಗ್ಗೆ ಹತ್ತು ಸಲ ಹೇಳಿಕೊಳ್ಳುತ್ತಿದ್ದರು. "ಪ್ರತಿ ಸಲ ಒಳಗಿಂದ 'ಸುಳ್ಳು ಸುಳ್ಳು' ಅನ್ನೋದು ಮೇಡಂ. ಇಷ್ಟು ಸುಲಭದ್ದೂ ನನ್ನ ಕೈಲಿ ಆಗಲ್ವಲ್ಲ ಅಂತ ಇನ್ನೂ ಬೇಜಾರಾಗೋದು."

ಇಲ್ಲಿ ತಪ್ಪು ಅವರದಲ್ಲ ಎಂದು ನಾನು ಒತ್ತಿ ಹೇಳಿದೆ. ಇದು ಪರೀಕ್ಷೆ ಮಾಡಿ ನೋಡಿದ ವಿಷಯವೇ. ಕೆನಡಾದ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಅವರ ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ತಮಗೇ ಕೀಳು ಭಾವನೆ ಇದ್ದವರು "ನಾನು ಪ್ರೀತಿಗೆ ತಕ್ಕ ವ್ಯಕ್ತಿ" ಎಂಬ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ ಅವರ ಮನಸ್ಸು ಮತ್ತಷ್ಟು ಕುಗ್ಗಿತು. ಮೊದಲೇ ತಮ್ಮ ಬಗ್ಗೆ ಒಳ್ಳೆಯ ಭಾವನೆ ಇದ್ದವರಿಗೆ ಮಾತ್ರ ಸ್ವಲ್ಪ ಲಾಭವಾಯಿತು. ಹಸಿದವರ ಹೊಟ್ಟೆಗೆ ಹಿಡಿಸದ ಊಟ ಬಡಿಸಿದ ಹಾಗೆ ಇದು. ಸಿಹಿಯಾದ ಮಾತು ಸಾಲದು. ಹೇಳಿಕೊಳ್ಳುವವರೇ ನಂಬುವಂಥ ಮಾತು ಬೇಕು.

ಚೀಟಿ ತೆಗೆಯಲು ಹೇಳಿದೆ. ಬದಲಿಗೆ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ ಎಂದೆ. ಬೈಗುಳ ಬಂದಾಗಲೆಲ್ಲ, ಬಿಡುವು ಸಿಕ್ಕ ತಕ್ಷಣ, ಏನಾಯಿತು, ನನಗೆ ನಾನು ಏನಂದುಕೊಂಡೆ, ಆಗ ಮೈಗೆ ಏನಾಯಿತು ಎಂದು ಬರೆಯುವುದು. ಅಷ್ಟೇ. ಎದುರುತ್ತರ ಕೊಡುವುದು ಆಮೇಲೆ. ಅಮೆರಿಕದ ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲಿ, ಖಿನ್ನತೆ ಇರುವವರ ಮನಸ್ಸಿನಲ್ಲಿ ಇಂಥ ಮಾತುಗಳು ತಾವಾಗಿಯೇ, ಗಮನಕ್ಕೂ ಬಾರದಷ್ಟು ಬೇಗ ಹಾದುಹೋಗುತ್ತವೆ ಎಂದು ಗುರುತಿಸಿದರು. ಕಣ್ಣಿಗೆ ಬೀಳದೆ ಓಡುವ ಮಾತನ್ನು ಕಾಗದದ ಮೇಲೆ ನಿಲ್ಲಿಸಿದರೆ ತಾನೇ ಅದು ನಿಜವೋ ಅಲ್ಲವೋ ನೋಡಲು ಆಗುವುದು?

ಮುಂದಿನ ವಾರ ನೋಟ್‌ಬುಕ್ ತಂದರು. ಹನ್ನೊಂದು ಕಡೆ "ಯಾವಾಗಲೂ ತಪ್ಪು ಮಾಡ್ತೀನಿ" ಎಂದು ಬರೆದಿತ್ತು. ಆ "ಯಾವಾಗಲೂ" ಎಂಬ ಪದವನ್ನು ಹಿಡಿದುಕೊಂಡೆವು. ದಿನಕ್ಕೆ ಸುಮಾರು ಎಷ್ಟು ಟಿಕೆಟ್ ಕೊಡ್ತೀರಿ? ನಾನೂರರ ಮೇಲೆ. ಎಂಟು ವರ್ಷದ ಕೆಲಸದಲ್ಲಿ ಎಷ್ಟು ಮೆಮೊ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದೊಂದೇ" ಎಂದರು. ಮತ್ತೆ ಅವರೇ ಹೇಳಿದ ಮಾತನ್ನು ನಾನು ಇವತ್ತಿಗೂ ಬೇರೆಯವರಿಗೆ ಹೇಳುತ್ತಿರುತ್ತೇನೆ. "ಹಂಗಾದ್ರೆ ಈ ಮಾತು ಟಿಕೆಟ್ ಇಲ್ದೇನೇ ಇಷ್ಟು ದಿನ ನನ್ನ ತಲೇಲಿ ಓಡಾಡ್ತಿದೆ, ಅಲ್ವಾ ಮೇಡಂ?"

ಅಲ್ಲಿಂದ ಕೆಲಸ ಹಗುರಾಯಿತು. ಬೈಗುಳ ಹತ್ತಿದಾಗ ಅವರು ಟಿಕೆಟ್ ಕೇಳಬೇಕು. ಆಧಾರ ಏನಿದೆ, ತೋರಿಸು. ಆಧಾರ ಇದ್ದರೆ ಇದ್ದಷ್ಟನ್ನೇ ಒಪ್ಪಿಕೊಳ್ಳುವುದು. "ಅವತ್ತು ಒಂದು ಟಿಕೆಟ್ ತಪ್ಪಿತು" ಎನ್ನುವುದು ನಿಜ. "ನಾನು ದಡ್ಡಿ" ಎನ್ನುವುದಕ್ಕೆ ಟಿಕೆಟ್ ಇಲ್ಲ.

ಎದುರುತ್ತರದ ಮಾತು ಹುಡುಕುವುದೇ ಕಷ್ಟವಾಯಿತು. ನಾನು ಹೇಳಿಕೊಟ್ಟ ವಾಕ್ಯಗಳೆಲ್ಲ ಅವರ ಬಾಯಲ್ಲಿ ಪಾಠ ಒಪ್ಪಿಸಿದ ಹಾಗೆ ಬರುತ್ತಿದ್ದವು. ಕೊನೆಗೆ ಕೇಳಿದೆ. ಹೊಸದಾಗಿ ಸೇರಿದ ಹುಡುಗಿಗೆ ಇದೇ ಮೆಮೊ ಬಂದು ಡಿಪೋದಲ್ಲಿ ಅಳುತ್ತಾ ಕೂತಿದ್ದರೆ ನೀವೇನು ಹೇಳ್ತೀರಿ? ಒಂದು ಕ್ಷಣವೂ ಯೋಚಿಸಲಿಲ್ಲ. "ಬಿಡೇ, ಅಷ್ಟು ರಶ್ಶಲ್ಲಿ ಯಾರಿಗಾದ್ರೂ ತಪ್ಪುತ್ತೆ. ಟೀ ಕುಡಿ ಬಾ. ನಾಳೆ ಸ್ಟಾಪ್ ಬಿಡೋ ಮುಂಚೆ ಹಿಂದಿನ ಸೀಟು ಒಂದ್ಸಲ ನೋಡ್ಕೊ." ಈಗ ಅದನ್ನೇ ನಿಮ್ಮ ಹೆಸರು ಹಿಡಿದು ನಿಮಗೆ ಹೇಳಿಕೊಳ್ಳಿ ಎಂದೆ. ಹೆಸರು ಹಿಡಿಯುವುದಕ್ಕೂ ಕಾರಣ ಇದೆ. ಅಮೆರಿಕದ ಮನೋವಿಜ್ಞಾನಿ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, "ನಾನು" ಎನ್ನುವ ಬದಲು ತಮ್ಮ ಹೆಸರಿನಿಂದ ತಮ್ಮನ್ನೇ ಮಾತಾಡಿಸಿಕೊಂಡವರು ಆತಂಕದ ಹೊತ್ತನ್ನು ಹೆಚ್ಚು ಚೆನ್ನಾಗಿ ನಿಭಾಯಿಸಿದರು. ನಮ್ಮ ಕಷ್ಟವನ್ನು ಒಂದು ಹೆಜ್ಜೆ ಹಿಂದೆ ನಿಂತು ನೋಡಿದ ಹಾಗೆ ಆಗುತ್ತದೆ.

ಅವರು ಹೇಳಿದ ಆ ಸಾಲಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಕೊನೆಯ ತುಂಡು. ಸಮಾಧಾನದ ಜೊತೆ ಮಾಡಬೇಕಾದ ಒಂದು ಸಣ್ಣ ಕೆಲಸವೂ ಅದರಲ್ಲಿತ್ತು. ಬರೀ ಸಮಾಧಾನ ಬೇಗ ಹಳಸುತ್ತದೆ. "ರೈಟ್" ಹೇಳುವ ಮುಂಚೆ ಹಿಂದಿನಿಂದ ಮುಂದಿನವರೆಗೆ ಒಂದು ಸಲ ಕಣ್ಣು ಹಾಯಿಸುವುದು ಅವರ ಅಭ್ಯಾಸವಾಯಿತು.

ಎಲ್ಲವೂ ನೇರವಾಗಿ ನಡೆಯಲಿಲ್ಲ. ನಾಲ್ಕನೇ ವಾರ ನೋಟ್‌ಬುಕ್ ಮುಟ್ಟಿರಲಿಲ್ಲ. ಮಗನಿಗೆ ಜ್ವರ, ರಜೆ ಸಿಕ್ಕಿರಲಿಲ್ಲ, "ತಾಯಿಯಾಗಿ ಕೂಡ ನಾನು ಸರಿಯಿಲ್ಲ" ಎಂಬ ಹೊಸ ಬೈಗುಳ ಶುರುವಾಗಿತ್ತು. ಅಪ್ಪನ ಬಗ್ಗೆ ಆ ದಿನ ತುಂಬಾ ಹೊತ್ತು ಅತ್ತರು. ನಾನು ಯಾವ ತಂತ್ರವನ್ನೂ ಹೇಳಿಕೊಡಲಿಲ್ಲ, ಸುಮ್ಮನೆ ಕೇಳಿಸಿಕೊಂಡೆ. ಆ ದಿನ ಅವರಿಗೆ ಬೇಕಿದ್ದದ್ದು ಅದೇ.

ಎರಡೂವರೆ ತಿಂಗಳಲ್ಲಿ ಏಳು ಸಲ ಭೇಟಿಯಾದೆವು. ಬೈಗುಳ ಪೂರ್ತಿ ನಿಂತಿಲ್ಲ. ನಿಲ್ಲುತ್ತದೆ ಎಂದು ನಾನೂ ಮಾತು ಕೊಟ್ಟಿರಲಿಲ್ಲ. ಬಂದರೂ ಈಗ ಬೇಗ ಇಳಿದುಹೋಗುತ್ತದೆ ಎನ್ನುತ್ತಾರೆ.

ಕೊನೆಯ ಭೇಟಿಯಾಗಿ ಒಂದು ತಿಂಗಳಿಗೆ, ರಾತ್ರಿ ಒಂಬತ್ತಕ್ಕೆ ಅವರ ಫೋನ್ ಬಂತು. ನನಗೆ ಸ್ವಲ್ಪ ಗಾಬರಿಯೇ ಆಯಿತು. "ಮೇಡಂ, ಇವತ್ತು ಕ್ಯಾಶ್ ಕಟ್ಟುವಾಗ ನಲವತ್ತು ರೂಪಾಯಿ ಕಮ್ಮಿ ಬಂತು. ಕೈಯಿಂದ ಹಾಕಿದೆ. ಹೇಳೋಣ ಅನ್ನಿಸ್ತು, ಅದಕ್ಕೆ ಮಾಡಿದೆ. ಊಟ ಆಯ್ತು, ಮಲಗ್ತೀನಿ."