ಪರ್ತ್‌ನಲ್ಲಿ ಮನೆ, ಹಿತ್ತಲಲ್ಲಿ ಈಜುಕೊಳ

ಕಾರವಾರದಿಂದ ಬಂದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಸೈಟ್ ತೆಗೆದುಕೊಂಡಿದ್ದೀರಿ. ಮನೆಯ ಪ್ಲ್ಯಾನ್ ಹೇಗಿರಬೇಕು, ಹಿತ್ತಲಲ್ಲಿ ಈಜುಕೊಳ ಎಲ್ಲಿ ಬರಬೇಕು ಎಂದು ಕೇಳಿದ್ದೀರಿ. ನಾನು ಶಿರಸಿ ಕಡೆಯವನು, ಇಲ್ಲಿ ನೆಲೆಸಿ ಬಹಳ ವರ್ಷ ಆಯಿತು. ನನ್ನ ಮಾತು ಒಂದೇ: ಮನೆ, ಕೊಳ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಿ. ಮೊದಲು ಮನೆ, ಉಳಿದ ಮೂಲೆಯಲ್ಲಿ ಕೊಳ ಅಂದರೆ ಎರಡೂ ಕೆಡುತ್ತವೆ.

ಊರಲ್ಲಿ ಚಳಿಗಾಲದ ಬಿಸಿಲು ದಕ್ಷಿಣದಿಂದ ಬೀಳುತ್ತದೆ, ಅಲ್ವಾ? ಇಲ್ಲಿ ಉಲ್ಟಾ. ಪರ್ತ್ ಇರುವುದು ಸುಮಾರು 32 ಡಿಗ್ರಿ ದಕ್ಷಿಣದಲ್ಲಿ, ಹಾಗಾಗಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ಉತ್ತರಕ್ಕೇ. ಜೂನ್‌ನಲ್ಲಿ ಸುಮಾರು 35 ಡಿಗ್ರಿ ಎತ್ತರಕ್ಕೆ ಮಾತ್ರ ಏರುತ್ತಾನೆ, ಡಿಸೆಂಬರ್‌ನಲ್ಲಿ 80 ದಾಟುತ್ತಾನೆ. ಹಾಲ್, ಅಡುಗೆಮನೆ ಉತ್ತರಕ್ಕೆ ಮುಖ ಮಾಡಿದ್ದರೆ ಚಳಿಯಲ್ಲಿ ಬಿಸಿಲು ಒಳಗೆ ಬರುತ್ತದೆ, ಬೇಸಿಗೆಯಲ್ಲಿ ಸೂರೇ ತಡೆಯುತ್ತದೆ. ಪಶ್ಚಿಮದ ಗೋಡೆಗೆ ದೊಡ್ಡ ಗಾಜು ಬೇಡವೇ ಬೇಡ. ಆ ಕಡೆ ಗ್ಯಾರೇಜ್ ಇರಲಿ. ಕೊಳವೂ ಮನೆಯ ಉತ್ತರಕ್ಕೇ ಬರಲಿ. ದಕ್ಷಿಣಕ್ಕಿಟ್ಟರೆ ಮನೆಯ ನೆರಳು ನೀರಿನ ಮೇಲೆ ಬಿದ್ದು ನೀರು ಕೊರೆಯುತ್ತದೆ. ಹಿರಿಯರು ಈಶಾನ್ಯದಲ್ಲಿ ನೀರಿರಲಿ ಎಂದರೆ ಒಪ್ಪಿಕೊಳ್ಳಿ, ಇಲ್ಲಿ ಆ ಮೂಲೆಗೆ ಒಳ್ಳೆಯ ಬಿಸಿಲಿದೆ. ಆದರೆ ಒಳಚರಂಡಿ ಪೈಪ್ ಅಲ್ಲೇ ಹಾದು ಹೋಗಿದ್ದರೆ ಹಟ ಬೇಡ.

ಇನ್ನು ಬೇಲಿ. ಇದನ್ನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಿ. ನಮ್ಮ ಕಡೆ ಬಾವಿಗೆ ಕಟ್ಟೆ ಇದ್ದ ಹಾಗೆ ಇಲ್ಲಿ ಕೊಳಕ್ಕೆ ಬೇಲಿ, ಅದೂ ಕಾನೂನಿನಿಂದಲೇ. ನೀರು 300 ಮಿಲಿಮೀಟರ್‌ಗಿಂತ ಆಳ ಇದ್ದರೆ ಸಾಕು, ಕನಿಷ್ಠ 1.2 ಮೀಟರ್ ಎತ್ತರದ ಬೇಲಿ ಬೇಕು. ಗೇಟ್ ಕೊಳದಿಂದ ಹೊರಕ್ಕೆ ತೆರೆಯಬೇಕು, ಕೈ ಬಿಟ್ಟ ಕೂಡಲೇ ತಾನೇ ಮುಚ್ಚಿ ಚಿಲಕ ಬೀಳಬೇಕು. ಹಾಲ್‌ನ ಬಾಗಿಲು ತೆರೆದರೆ ನೇರ ನೀರು ಎನ್ನುವ ಕನಸಿದ್ದರೆ ಬಿಟ್ಟುಬಿಡಿ. ಹೊಸ ಕೊಳಕ್ಕೆ ಮನೆಯ ಬಾಗಿಲು ನೇರವಾಗಿ ತೆರೆಯುವಂತಿಲ್ಲ, ನಡುವೆ ಬೇಲಿ ಬರಲೇಬೇಕು. ಅದಕ್ಕೇ ಪ್ಲ್ಯಾನ್‌ನಲ್ಲೇ ಅದರ ಜಾಗ ತೆಗೆದಿಡಿ ಎನ್ನುತ್ತಿದ್ದೇನೆ. ಬೇಲಿಯ ಪಕ್ಕ ದಾಸವಾಳದ ಕುಂಡ, ಕುರ್ಚಿ ಏನೂ ಬೇಡ, ಮಕ್ಕಳು ಹತ್ತುತ್ತಾರೆ. ಕೌನ್ಸಿಲ್‌ನವರು, ಅಂದರೆ ಇಲ್ಲಿನ ಸ್ಥಳೀಯ ಆಡಳಿತದವರು, ನಾಲ್ಕು ವರ್ಷಕ್ಕೊಮ್ಮೆಯಾದರೂ ಬಂದು ಪರೀಕ್ಷಿಸುತ್ತಾರೆ. ಗಾಜಿನ ಬೇಲಿಗೆ ಖರ್ಚು ಜಾಸ್ತಿ, ಆದರೂ ಅದನ್ನೇ ಹಾಕಿಸಿ. ಅಡುಗೆ ಮಾಡುತ್ತಲೇ ಕೊಳದ ಪೂರ್ತಿ ಉದ್ದ ಕಣ್ಣಿಗೆ ಬೀಳಬೇಕು. ಮಕ್ಕಳು ನೀರಿಗಿಳಿದಾಗ ಮಾತ್ರ ದೊಡ್ಡವರೊಬ್ಬರು ಹತ್ತಿರವೇ ಇರಬೇಕು. ಬೇಲಿ ಇದೆ ಎಂದು ಮೈಮರೆಯಬೇಡಿ.

ಗಾಳಿ ನಿಮಗೆ ಹೊಸದಲ್ಲ. ಕಾರವಾರದಲ್ಲಿ ಮಧ್ಯಾಹ್ನ ಕಡಲ ಗಾಳಿ ಬೀಸುತ್ತದೆ. ಇಲ್ಲಿ ಬೇಸಿಗೆಯಲ್ಲಿ ನೈಋತ್ಯದಿಂದ ಬರುವ ಅಂಥದ್ದೇ ಗಾಳಿಗೆ ಫ್ರೀಮ್ಯಾಂಟಲ್ ಡಾಕ್ಟರ್ ಎನ್ನುತ್ತಾರೆ. ಎಲೆ ಹಿಡಿಯುವ ಸ್ಕಿಮ್ಮರ್ ಅದರ ಎದುರು ತುದಿಗೆ, ಅಂದರೆ ಈಶಾನ್ಯಕ್ಕೆ ಇರಲಿ. ಕಸವನ್ನು ಗಾಳಿಯೇ ಅಲ್ಲಿಗೆ ತಳ್ಳುತ್ತದೆ. ಪಂಪ್ ಮಲಗುವ ಕೋಣೆಗಳಿಂದ ದೂರ ಇರಲಿ, ಪಕ್ಕದ ಮನೆಯವರದೂ ಸೇರಿ.

ಕೊಳವನ್ನು ಆಮೇಲೆ ತೋಡಿಸುವುದಾದರೆ ಮನೆಯ ಪಕ್ಕ ಯಂತ್ರ ಹೋಗುವಷ್ಟು ದಾರಿ ಈಗಲೇ ಬಿಡಿಸಿ. ಬಿಲ್ಡರ್ ಜೊತೆ ಸಹಿ ಹಾಕುವ ಮೊದಲು ಸೈಟ್ ನಕ್ಷೆ ಕಳಿಸಿ. ಉತ್ತರ ಯಾವ ಕಡೆ, ಒಳಚರಂಡಿ ಪೈಪ್ ಎಲ್ಲಿದೆ ಎಂದು ಗುರುತು ಹಾಕಿರಿ. ಕೂತು ನೋಡೋಣ.